ಅನಿಲ ಸೋರಿಕೆ ಪತ್ತೆ ಸಾಧನ: ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳು

ರೋಣ, ನರಗುಂದ ಹಾಗೂ ಗಜೇಂದ್ರಗಡ ತಾಲ್ಲೂಕುಗಳಲ್ಲಿ ತೈಲ ಶುದ್ಧೀಕರಣ ಕಾರ್ಖಾನೆ ಇಲ್ಲ. ಆದಕಾರಣ ಅನಿಲ ಸೋರಿಕೆಯನ್ನು ಪತ್ತೆ ಹಚ್ಚುವ ಸಾಧನಗಳ ವಿಚಾರವು ಮಂಗಳೂರು, ಮುಂಬಯಿಗಳ ಬೃಹತ್ ಉದ್ದಿಮೆಗಳಿಗೆ ಮಾತ್ರ ಸಂಬಂಧಿಸಿದ್ದು ಎಂಬ ಭಾವನೆ ಈ ಭಾಗದ ವರ್ತಕ ಸಮುದಾಯದಲ್ಲಿ ಬೇರೂರಿದ್ದರೆ ಆಶ್ಚರ್ಯವಿಲ್ಲ. ಆದರೆ ಪೆಟ್ರೋಲಿಯಂ ಉತ್ಪನ್ನಗಳ ವಹಿವಾಟು ಶುದ್ಧೀಕರಣ ಕಾರ್ಖಾನೆಯ ಗೇಟಿನಲ್ಲಿ ಮುಗಿಯುವುದಿಲ್ಲ. ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯು ನರಗುಂದದ ಮೂಲಕ ಹಾದುಹೋಗುತ್ತದೆ. ಆ ರಸ್ತೆಯಲ್ಲಿ ಹಗಲಿರುಳು ಟ್ಯಾಂಕರುಗಳು ಓಡಾಡುತ್ತವೆ. ಮೂರೂ ಪಟ್ಟಣಗಳಲ್ಲಿ ಪೆಟ್ರೋಲ್ ಬಂಕುಗಳಿವೆ, ಅಡುಗೆ ಅನಿಲದ ಗೋದಾಮುಗಳಿವೆ, ಸಾಲು ಸಿಲಿಂಡರುಗಳನ್ನು ಜೋಡಿಸಿಕೊಂಡು ನಡೆಯುವ ಖಾನಾವಳಿ ಮತ್ತು ಕಲ್ಯಾಣ ಮಂಟಪಗಳಿವೆ. ದಾಭೋಳದಿಂದ ಬೆಂಗಳೂರಿಗೆ ನೈಸರ್ಗಿಕ ಅನಿಲವನ್ನು ಸಾಗಿಸುವ, 2013ರಲ್ಲಿ ಲೋಕಾರ್ಪಣೆಗೊಂಡ ಗೇಲ್ ಸಂಸ್ಥೆಯ ಕೊಳವೆ ಮಾರ್ಗವು ಗದಗ ಜಿಲ್ಲೆಯನ್ನು ಹಾದು ಹೋಗಿದೆ. ಇವೆಲ್ಲವುಗಳಲ್ಲಿಯೂ ಸೋರಿಕೆಯ ಸಾಧ್ಯತೆ ಇದ್ದೇ ಇದೆ.

ಇಂಥ ಕಡೆಗಳಲ್ಲಿ ಪತ್ತೆ ಸಾಧನವನ್ನು ಕೊಳ್ಳುವ ಕ್ರಮ ಹೇಗಿರುತ್ತದೆ? ಪರವಾನಗಿಯ ನವೀಕರಣ ಅಥವಾ ವಿಮೆಯ ತಪಾಸಣೆ ಹತ್ತಿರ ಬಂದಾಗ ವಿಷಯ ನೆನಪಾಗುತ್ತದೆ. ಮೂರು ದರಪಟ್ಟಿ ತರಿಸಿ, ಅತಿ ಕಡಿಮೆ ದರವನ್ನು ಒಪ್ಪಿ, ಬಂದ ಪೆಟ್ಟಿಗೆಯನ್ನು ಕೈಗೆ ಎಟಕುವ ಗೋಡೆಗೆ ತೂಗಿಹಾಕಲಾಗುತ್ತದೆ. ಬಿಲ್ಲು ಫೈಲಿಗೆ ಸೇರುತ್ತದೆ, ಆಸ್ತಿ ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಾಗುತ್ತದೆ. ಅಲ್ಲಿಂದ ಮುಂದೆ ಆ ಸಾಧನವು ಕೆಲಸ ಮಾಡುತ್ತಿದೆಯೇ ಎಂದು ಕೇಳುವವರು ವಿರಳ. ಹಸಿರು ದೀಪ ಉರಿಯುತ್ತಿದೆ ಎಂಬುದೇ ಸಮಾಧಾನ. ಆ ದೀಪವು ವಿದ್ಯುತ್ ಇದೆ ಎಂಬುದನ್ನು ಮಾತ್ರ ಹೇಳುತ್ತಿರಬಹುದು. ಒಳಗಿನ ಸಂವೇದಕಕ್ಕೆ ಜೀವವಿದೆ ಎಂಬುದಕ್ಕೆ ಅದು ಖಾತ್ರಿಯಲ್ಲ.

ಪತ್ತೆ ಸಾಧನವೆಂದರೆ ಒಮ್ಮೆ ಕೊಂಡು ಮುಗಿಸುವ ಸರಕಲ್ಲ, ವರ್ಷ ವರ್ಷವೂ ನಿಭಾಯಿಸಬೇಕಾದ ಹೊಣೆ. ಯಾವ ಅನಿಲ, ಯಾವ ಸಂವೇದಕ, ಯಾವ ಜಾಗ, ಎಚ್ಚರಿಕೆಯ ಗಂಟೆ ಬಾರಿಸಿದಾಗ ಯಾರು ಏನು ಮಾಡಬೇಕು, ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದಿಡದೆ ದರಪಟ್ಟಿ ಕರೆಯುವುದು ಹಣದ ಅಪವ್ಯಯ. ಅದಕ್ಕಿಂತ ಹೆಚ್ಚಾಗಿ, ಇಲ್ಲದ ರಕ್ಷಣೆಯನ್ನು ಇದೆಯೆಂದು ನಂಬಿಸುವ ಅಪಾಯ.

ಅನಾಹುತಗಳು ಕಲಿಸಿದ ಪಾಠ

1997ರ ಸೆಪ್ಟೆಂಬರ್ 14ರಂದು ವಿಶಾಖಪಟ್ಟಣದ ಹಿಂದುಸ್ತಾನ್ ಪೆಟ್ರೋಲಿಯಂ ಶುದ್ಧೀಕರಣ ಕಾರ್ಖಾನೆಯಲ್ಲಿ ದ್ರವೀಕೃತ ಪೆಟ್ರೋಲಿಯಂ ಅನಿಲ ಸೋರಿ, ಹಬ್ಬಿ, ಕಿಡಿ ತಾಗಿ ಸಂಭವಿಸಿದ ಸ್ಫೋಟದಲ್ಲಿ ಸುಮಾರು 60 ಮಂದಿ ಪ್ರಾಣ ಕಳೆದುಕೊಂಡರು. 2009ರ ಅಕ್ಟೋಬರ್ 29ರ ಸಂಜೆ ಜಯಪುರದ ಸೀತಾಪುರ ಕೈಗಾರಿಕಾ ಪ್ರದೇಶದ ಇಂಡಿಯನ್ ಆಯಿಲ್ ಸಂಗ್ರಹಾಗಾರದಲ್ಲಿ ಪೆಟ್ರೋಲನ್ನು ಪಕ್ಕದ ಸಂಗ್ರಹಾಗಾರಕ್ಕೆ ಸಾಗಿಸುವ ಸಿದ್ಧತೆಯಲ್ಲಿ ಸೋರಿಕೆ ಆರಂಭವಾಯಿತು. ಆವಿಯ ದಟ್ಟಣೆಯಿಂದ ಕೆಲಸಗಾರರೇ ಕುಸಿದುಬಿದ್ದುದರಿಂದ ಅದನ್ನು ನಿಲ್ಲಿಸುವವರು ಇಲ್ಲವಾದರು. ಸುಮಾರು ಒಂದೂಕಾಲು ಗಂಟೆ ಪೆಟ್ರೋಲ್ ಹರಿಯಿತು. ಅನಂತರದ ಸ್ಫೋಟದಲ್ಲಿ 11 ಮಂದಿ ಮೃತಪಟ್ಟರು, ಬೆಂಕಿ ಹಲವು ದಿನ ಉರಿಯಿತು. ವಿಚಾರಣೆ ನಡೆಸಿದ ಎಂ.ಬಿ. ಲಾಲ್ ಸಮಿತಿಯ ಶಿಫಾರಸುಗಳ ತರುವಾಯ ಪೆಟ್ರೋಲಿನಂಥ ಉತ್ಪನ್ನಗಳ ಸಂಗ್ರಹಾಗಾರಗಳಲ್ಲಿ ಸೋರಿಕೆ ಸಂಭವಿಸಬಹುದಾದ ಪ್ರತಿಯೊಂದು ತಾಣದ ಹತ್ತಿರ, ಅಂದರೆ ಟ್ಯಾಂಕಿನ ಸುತ್ತಲ ಕಟ್ಟೆಯೊಳಗೆ, ಕವಾಟಗಳ ಜೋಡಣೆಯಲ್ಲಿ, ಪಂಪ್‌ಹೌಸಿನಲ್ಲಿ ಹೈಡ್ರೋಕಾರ್ಬನ್ ಪತ್ತೆ ಸಾಧನಗಳನ್ನು ಇಡುವ ಪದ್ಧತಿ ದೇಶದಲ್ಲಿ ಗಟ್ಟಿಯಾಯಿತು.

ಈ ಸಂಗತಿಗಳಿಗಿಂತಲೂ ವರ್ತಕರ ಮನಸ್ಸಿಗೆ ನಾಟಬೇಕಾದುದು ಇಂಗ್ಲೆಂಡಿನ ಬನ್ಸ್‌ಫೀಲ್ಡ್ ಸಂಗ್ರಹಾಗಾರದ ಪ್ರಕರಣ. 2005ರ ಡಿಸೆಂಬರ್ 11ರ ಬೆಳಗಿನ ಜಾವ ಅಲ್ಲಿಯ ಒಂದು ಟ್ಯಾಂಕಿನ ಮಟ್ಟಸೂಚಕ ಅಂಟಿಕೊಂಡು ನಿಂತಿತು. ಅದು ಕೆಟ್ಟರೆ ನೆರವಾಗಲೆಂದೇ ಇದ್ದ ಎರಡನೆಯ ಸ್ವಿಚ್ಚು ಕೂಡ ಕೆಲಸ ಮಾಡಲಿಲ್ಲ. ಎರಡೂವರೆ ಲಕ್ಷ ಲೀಟರಿಗೂ ಹೆಚ್ಚು ಪೆಟ್ರೋಲ್ ತುಂಬಿ ಚೆಲ್ಲಿತು. ಸ್ಫೋಟದಲ್ಲಿ 40ಕ್ಕೂ ಹೆಚ್ಚು ಜನ ಗಾಯಗೊಂಡರು. ಆ ಸ್ವಿಚ್ಚಿಗೆ ಒಂದು ಸಣ್ಣ ಬೀಗ ಬೇಕಿತ್ತು. ಪರೀಕ್ಷೆಯ ಹಿಡಿಯು ಸರಿಯಾದ ಸ್ಥಾನದಲ್ಲಿ ನಿಲ್ಲಲು ಆ ಬೀಗ ಅವಶ್ಯವೆಂಬುದು ಅಲ್ಲಿಯವರಿಗೆ ಮನವರಿಕೆಯಾಗಿರಲಿಲ್ಲ, ಹಾಗಾಗಿ ಬೀಗ ಹಾಕಿರಲಿಲ್ಲ. ಸಾಧನವಿತ್ತು, ಅದರ ಬಿಲ್ಲಿತ್ತು, ಪರೀಕ್ಷೆಯೂ ಆಗಿತ್ತು. ಅದು ಹೇಗೆ ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆ ಮಾತ್ರ ಇರಲಿಲ್ಲ.

ಮೊದಲ ಪ್ರಶ್ನೆ: ಯಾವ ಅನಿಲ?

'ಗ್ಯಾಸ್' ಎಂಬ ಒಂದೇ ಮಾತಿನಡಿ ಹಲವು ವಸ್ತುಗಳು ಬರುತ್ತವೆ. ಅವುಗಳ ಗುಣ ಒಂದೇ ತೆರನಲ್ಲ. ಅಡುಗೆ ಅನಿಲವು ಪ್ರೋಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದಾಗ ನೆಲ ಹಿಡಿದು ಹರಿದು ತಗ್ಗಿನಲ್ಲಿ, ಚರಂಡಿಯಲ್ಲಿ ನಿಲ್ಲುತ್ತದೆ. ಪೆಟ್ರೋಲಿನ ಆವಿ ಇನ್ನೂ ಭಾರ, ಗಾಳಿಯ ಮೂರು ನಾಲ್ಕು ಪಟ್ಟು. ನೈಸರ್ಗಿಕ ಅನಿಲ, ಅಂದರೆ ಮುಖ್ಯವಾಗಿ ಮೀಥೇನ್, ಗಾಳಿಯ ಅರ್ಧಕ್ಕಿಂತ ತುಸು ಹೆಚ್ಚು ತೂಕದ್ದು. ಅದು ಮೇಲೇರಿ ಮಾಳಿಗೆಯ ಕೆಳಗೆ ಸೇರುತ್ತದೆ. ಡೀಸೆಲ್ಲಿನ ಆವಿ ವಾತಾವರಣದ ಸಾಮಾನ್ಯ ಉಷ್ಣತೆಯಲ್ಲಿ ಅತ್ಯಲ್ಪವಾಗಿರುವುದರಿಂದ ಆವಿಯನ್ನು ಹುಡುಕುವ ಸಾಧನ ಡೀಸೆಲ್ ಸೋರಿಕೆಗೆ ಹೆಚ್ಚು ಉಪಯೋಗವಾಗದು. ಅಲ್ಲಿ ದ್ರವವನ್ನೇ ಗುರುತಿಸುವ ಸಾಧನ ಹಾಗೂ ದಾಸ್ತಾನಿನ ದಿನನಿತ್ಯದ ಅಳತೆ ಮೇಲು.

ಇನ್ನು ಉರಿಯುವ ಮಿತಿ. ಗಾಳಿಯಲ್ಲಿ ಅನಿಲದ ಪ್ರಮಾಣ ಒಂದು ಕನಿಷ್ಠ ಮಟ್ಟ ತಲುಪಿದ ಮೇಲೆಯೇ ಅದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಈ ಕೆಳಮಿತಿ ಅಡುಗೆ ಅನಿಲಕ್ಕೆ ಶೇ. 2ರ ಆಸುಪಾಸು, ಪೆಟ್ರೋಲಿನ ಆವಿಗೆ ಸುಮಾರು ಶೇ. 1.4, ಮೀಥೇನಿಗೆ ಸುಮಾರು ಶೇ. 5. ಸಾಧನದ ಮುಖದ ಮೇಲೆ ಕಾಣುವ ಶೇಕಡಾವಾರು ಅಂಕಿಯು ಗಾಳಿಯಲ್ಲಿರುವ ಅನಿಲದ ನೇರ ಪ್ರಮಾಣವಾಗಿರದೆ, ಬಹುತೇಕ ಈ ಕೆಳಮಿತಿಯ ಶೇಕಡಾವಾರು ಭಾಗವಾಗಿರುತ್ತದೆ. 100 ಎಂದು ತೋರಿಸಿದರೆ ಗಾಳಿಯು ಹೊತ್ತಿಕೊಳ್ಳಲು ಸಿದ್ಧವಾಗಿದೆ ಎಂದರ್ಥ. ಇದನ್ನು ತಿಳಿಯದ ಕಾವಲುಗಾರನಿಗೆ 40 ಎಂಬ ಅಂಕಿ ಅರ್ಧಕ್ಕಿಂತ ಕಡಿಮೆ ಎನ್ನಿಸಿ ಧೈರ್ಯ ತಂದೀತು.

ಒಂದು ಲೆಕ್ಕ ಈ ಮಾತನ್ನು ಸ್ಪಷ್ಟಪಡಿಸುತ್ತದೆ. ಖಾನಾವಳಿಗಳು ಬಳಸುವ 19 ಕಿಲೋ ವಾಣಿಜ್ಯ ಸಿಲಿಂಡರಿನ ಅನಿಲವೆಲ್ಲವೂ ಹೊರಬಂದರೆ ಸುಮಾರು 9 ಘನ ಮೀಟರ್ ಆವಿಯಾಗುತ್ತದೆ. ಶೇ. 2ರ ಪ್ರಮಾಣದಲ್ಲಿ ಅದು ಗಾಳಿಯೊಡನೆ ಬೆರೆತರೆ 450 ಘನ ಮೀಟರ್ ಗಾಳಿಯನ್ನು ಹೊತ್ತಿಕೊಳ್ಳುವಂತೆ ಮಾಡಬಲ್ಲದು. 15 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಎತ್ತರದ ಊಟದ ಮನೆಯ ಅಳತೆಯೂ ಅಷ್ಟೇ. ಅನಿಲವು ಕೋಣೆಯ ತುಂಬ ಸಮನಾಗಿ ಹರಡದೆ ನೆಲದ ಮೇಲೆ ಪದರವಾಗಿ ನಿಲ್ಲುವುದರಿಂದ, ಇದಕ್ಕಿಂತ ಬಹಳ ಕಡಿಮೆ ಸೋರಿಕೆಯೂ ಅನಾಹುತಕ್ಕೆ ಸಾಕು. 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಒಟ್ಟು 100 ಕಿಲೋವರೆಗಿನ ಅಡುಗೆ ಅನಿಲದ ಸಂಗ್ರಹಕ್ಕೆ ಪರವಾನಗಿ ಕೇಳುವುದಿಲ್ಲ. ಅಂದರೆ ಇಂಥ 5 ಸಿಲಿಂಡರುಗಳವರೆಗೆ ಪರವಾನಗಿ ಬೇಡ, ಆರನೆಯದು ಬಂದರೆ ಬೇಕು. ಪರವಾನಗಿ ಬೇಡವೆಂದ ಮಾತ್ರಕ್ಕೆ ಅಪಾಯ ಇಲ್ಲವೆಂದಲ್ಲ.

ವಿಷಾನಿಲದ ವಿಚಾರ ಇನ್ನೂ ಬೇರೆ. 2025ರ ಜುಲೈ 12ರಂದು ಮಂಗಳೂರಿನ ಎಂ.ಆರ್.ಪಿ.ಎಲ್. ಶುದ್ಧೀಕರಣ ಕಾರ್ಖಾನೆಯಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಸಿಲುಕಿ ಇಬ್ಬರು ನೌಕರರು ಪ್ರಾಣ ಬಿಟ್ಟರು. ಈ ಅನಿಲದ ಉರಿಯುವ ಕೆಳಮಿತಿ ಸುಮಾರು ಶೇ. 4, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 40,000 ಭಾಗ. ಆದರೆ 1,000 ಭಾಗ ತಲುಪುವ ಮೊದಲೇ ಅದು ಮನುಷ್ಯನನ್ನು ನಿಮಿಷಗಳಲ್ಲಿ ಕೆಡವಬಲ್ಲದು. ಉರಿಯುವ ಅನಿಲವನ್ನು ಅಳೆಯುವ ಸಾಧನವು ಕೆಳಮಿತಿಯ ಶೇ. 20ಕ್ಕೆ ಗಂಟೆ ಬಾರಿಸುವಂತೆ ಹೊಂದಿಸಿದ್ದರೆ ಅದು ಎಚ್ಚರಿಸುವುದು 8,000 ಭಾಗದಲ್ಲಿ. ಅಷ್ಟು ಹೊತ್ತಿಗೆ ಕೇಳಿಸಿಕೊಳ್ಳುವವನೇ ಇರುವುದಿಲ್ಲ. ಈ ಅನಿಲದ ಕೊಳೆತ ಮೊಟ್ಟೆಯ ವಾಸನೆಯೂ ಹೆಚ್ಚಿನ ಪ್ರಮಾಣದಲ್ಲಿ ಮೂಗನ್ನು ಜಡಗೊಳಿಸಿಬಿಡುತ್ತದೆ. ಇದು ಮುಚ್ಚಿದ ಗುಂಡಿಗಳಲ್ಲಿ, ಕೊಳಚೆಯ ತೊಟ್ಟಿಗಳಲ್ಲಿಯೂ ಹುಟ್ಟುವಂಥದು. ಆದುದರಿಂದ ಟ್ಯಾಂಕು, ಗುಂಡಿಗಳಿಗೆ ಆಳುಗಳನ್ನು ಇಳಿಸುವ ಮುನ್ನ ಈ ಅನಿಲವನ್ನೂ ಆಮ್ಲಜನಕವನ್ನೂ ಪ್ರತ್ಯೇಕವಾಗಿ ಅಳೆಯುವ ಕೈಸಾಧನ ಅನಿವಾರ್ಯ.

ಎರಡನೆಯ ಪ್ರಶ್ನೆ: ಯಾವ ಸಂವೇದಕ?

ಮಾರುಕಟ್ಟೆಯಲ್ಲಿ ಹೆಚ್ಚಾಗಿ ದೊರೆಯುವುದು ವೇಗವರ್ಧಕ ಮಣಿಯ ಸಂವೇದಕ. ಕಾಯಿಸಿದ ಸಣ್ಣ ಮಣಿಯ ಮೇಲೆ ಅನಿಲವು ಉರಿದಾಗ ಉಂಟಾಗುವ ಶಾಖದಿಂದ ಅದು ಪ್ರಮಾಣವನ್ನು ಅಳೆಯುತ್ತದೆ. ಬೆಲೆ ಕಡಿಮೆ, ಬಗೆಬಗೆಯ ಉರಿಯುವ ಅನಿಲಗಳನ್ನು ಗುರುತಿಸುತ್ತದೆ. ಅದರ ದೋಷಗಳೂ ಅಷ್ಟೇ ಸ್ಪಷ್ಟ. ಆಮ್ಲಜನಕವಿಲ್ಲದ ಕಡೆ ಅದು ಕೆಲಸ ಮಾಡದು. ಸಿಲಿಕೋನ್ ಇರುವ ಪಾಲಿಶು, ಅಂಟು, ಗ್ರೀಸುಗಳ ಆವಿ ತಾಗಿದರೆ ಮಣಿಯು ಕ್ರಮೇಣ ಸತ್ತುಹೋಗುತ್ತದೆ, ಸತ್ತದ್ದು ಹೊರಗೆ ಕಾಣುವುದಿಲ್ಲ. ಅನಿಲದ ದಟ್ಟಣೆ ಮಿತಿಮೀರಿದಾಗ ಉರಿಯಲು ಗಾಳಿ ಸಾಲದೆ ಅಂಕಿಯು ಕೆಳಗಿಳಿದು, ಅಪಾಯ ಕಡಿಮೆಯಾಯಿತೆಂಬ ಭ್ರಮೆಯನ್ನೂ ಹುಟ್ಟಿಸಬಹುದು.

ಅವಕೆಂಪು ಕಿರಣದ ಸಂವೇದಕಕ್ಕೆ ಈ ವಿಷದ ಬಾಧೆ ಇಲ್ಲ, ಆಮ್ಲಜನಕವೂ ಬೇಡ. ಬೆಲೆ ಹೆಚ್ಚು, ಜಲಜನಕವನ್ನು ಅದು ಗುರುತಿಸದು. ಅವಕೆಂಪು ಕಿರಣವನ್ನೇ ಬಳಸಿ ಎರಡು ಕಂಬಗಳ ನಡುವಿನ ಇಡೀ ಸಾಲನ್ನು ಕಾಯುವ ಸಾಧನಗಳೂ, ಒತ್ತಡದ ಕೊಳವೆಯಿಂದ ಅನಿಲ ಚಿಮ್ಮುವ ಶಬ್ದವನ್ನೇ ಗ್ರಹಿಸುವ ಸಾಧನಗಳೂ ಇವೆ. ಇವು ದೊಡ್ಡ ಸ್ಥಾವರಗಳಿಗೆ ತಕ್ಕವು. ವಿಷಾನಿಲಕ್ಕೆ ವಿದ್ಯುತ್ ರಾಸಾಯನಿಕ ಸಂವೇದಕ ಬೇಕು. ಅದರ ಆಯುಷ್ಯ ಸಾಮಾನ್ಯವಾಗಿ ಎರಡು ಮೂರು ವರ್ಷ.

ಎಲ್ಲರೂ ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. ಕೊಳವೆ ಜೋಡಣೆಯ ಮೂಲಕ ಹಲವು ಸಿಲಿಂಡರುಗಳನ್ನು ನಡೆಸುವವರಿಗೆ, ಆವಿಯಾಗಿಸುವ ಯಂತ್ರ ಹಾಗೂ ದೊಡ್ಡ ತೊಟ್ಟಿ ಇಟ್ಟುಕೊಂಡ ಕಾರ್ಖಾನೆಗಳಿಗೆ, ವಾಹನಗಳಿಗೆ ಅನಿಲ ತುಂಬುವ ಕೇಂದ್ರಗಳಿಗೆ ಸ್ಥಿರ ಸಾಧನಗಳು ಬೇಕು. ಸಾಮಾನ್ಯ ಪೆಟ್ರೋಲ್ ಬಂಕಿಗೆ ಗುಂಡಿಯ ಮುಚ್ಚಳ ತೆರೆಯುವ ಮೊದಲು ಬಳಸಬಹುದಾದ ಒಂದು ಉತ್ತಮ ಕೈಸಾಧನವು, ಗೋಡೆಯ ಮೇಲಿನ ಎರಡು ಅಗ್ಗದ ಸಾಧನಗಳಿಗಿಂತ ಹೆಚ್ಚು ಪ್ರಯೋಜನಕಾರಿ. ಒಂದೆರಡು ಸಿಲಿಂಡರು ಬಳಸುವ ಸಣ್ಣ ಖಾನಾವಳಿಯಾದರೆ ಮೊದಲ ಖರ್ಚು ಹೊಸ ರಬ್ಬರ್ ನಳಿಕೆಗೆ, ಸರಿಯಾದ ರೆಗ್ಯುಲೇಟರಿಗೆ, ನೆಲಮಟ್ಟದಲ್ಲಿ ಗಾಳಿಗಂಡಿ ತೆರೆಯುವುದಕ್ಕೆ ಸಲ್ಲಬೇಕು. ಪತ್ತೆ ಸಾಧನವು ಸೋರಿಕೆಯನ್ನು ತಡೆಯುವುದಿಲ್ಲ, ಹೇಳುತ್ತದೆ ಅಷ್ಟೇ.

ಏನನ್ನೇ ಕೊಂಡರೂ ಅಪಾಯಕಾರಿ ವಲಯದಲ್ಲಿ ಬಳಸಲು ಪ್ರಮಾಣಪತ್ರವಿರುವ ಸಾಧನವೇ ಆಗಿರಬೇಕು. ಕಿಡಿ ಹೊರಬೀಳದಂಥ ಕವಚವಿಲ್ಲದ ಸಾಧನವು ತಾನೇ ಬೆಂಕಿಗೆ ಕಾರಣವಾದೀತು. ನಾಗಪುರದಲ್ಲಿ ಕೇಂದ್ರ ಕಚೇರಿ ಹೊಂದಿರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯ ಅನುಮೋದನೆ, ವಲಯ ವಿಂಗಡಣೆಗೆ ಐ.ಎಸ್. 5572, ಪತ್ತೆ ಸಾಧನಗಳ ಆಯ್ಕೆ ಮತ್ತು ನಿರ್ವಹಣೆಗೆ ಐ.ಇ.ಸಿ. 60079-29-2 ಮಾನಕ, ಈ ಮೂರರ ಉಲ್ಲೇಖ ದರಪಟ್ಟಿಯಲ್ಲಿ ಇಲ್ಲದಿದ್ದರೆ ಆ ದರಪಟ್ಟಿಯನ್ನು ಬದಿಗಿಡುವುದೇ ಲೇಸು.

ಮೂರನೆಯ ಪ್ರಶ್ನೆ: ಎಲ್ಲಿ ಇಡಬೇಕು?

ಇಲ್ಲಿಯೇ ಹೆಚ್ಚಿನ ತಪ್ಪುಗಳು ನಡೆಯುತ್ತವೆ. ಅಡುಗೆ ಅನಿಲದ ಸಾಧನವನ್ನು ಕಣ್ಣಿಗೆ ಕಾಣಲೆಂದು ಆಳೆತ್ತರದಲ್ಲಿ ಕೂರಿಸಿದರೆ ಅನಿಲವು ಅದರ ಕಾಲಡಿಯಲ್ಲಿ ಹರಿದುಹೋಗುತ್ತದೆ. ಅದರ ಸ್ಥಾನ ನೆಲದಿಂದ 30ರಿಂದ 45 ಸೆಂಟಿಮೀಟರ್ ಎತ್ತರದಲ್ಲಿ, ಕವಾಟ, ಪಂಪಿನ ಸೀಲು, ಕೊಳವೆಯ ಜೋಡಣೆ ಮೊದಲಾದ ಸೋರಬಹುದಾದ ಜಾಗಗಳ ಹತ್ತಿರ. ಮೀಥೇನಿನ ಸಾಧನವಾದರೆ ಚಾವಣಿಯ ಅತ್ಯುನ್ನತ ಭಾಗದಲ್ಲಿ. ಕಿಟಕಿಯ ಪಕ್ಕ, ಫ್ಯಾನಿನ ಎದುರು ಇಟ್ಟ ಸಾಧನ ಶುದ್ಧ ಗಾಳಿಯನ್ನೇ ಅಳೆಯುತ್ತಿರುತ್ತದೆ. ನೀರು ಚಿಮ್ಮದ ಹಾಗೆ, ಆದರೆ ಪರೀಕ್ಷಿಸುವವನ ಕೈಗೆ ಸಿಗುವ ಹಾಗೆ ಅದು ಇರಬೇಕು.

ಇದಿಷ್ಟು ಎಲ್ಲ ಊರುಗಳಿಗೂ ಅನ್ವಯಿಸುವ ಮಾತು. ಈ ಮೂರು ತಾಲ್ಲೂಕುಗಳಿಗೆ ತಮ್ಮದೇ ಆದ ವಿಶೇಷಗಳಿವೆ, ಅವನ್ನು ದೂರದ ಊರಿನ ಮಾರಾಟಗಾರ ಬಲ್ಲವನಲ್ಲ. ಮೊದಲನೆಯದು ಎರೆಮಣ್ಣು. ನರಗುಂದ, ರೋಣದ ಕರಿನೆಲ ಬೇಸಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬಿ ಮುಚ್ಚಿಕೊಳ್ಳುತ್ತದೆ. ಈ ಹಿಗ್ಗು ಕುಗ್ಗಿನಿಂದ ನೆಲದಡಿಯ ಕೊಳವೆಗಳ ಜೋಡಣೆಗೆ ಪೆಟ್ಟು ಬೀಳುತ್ತದೆ. ಬಿರುಕುಗಳು ಆವಿಗೆ ಹಾದಿಯಾಗುತ್ತವೆ. ಮೇಲ್ಪದರ ಮುಚ್ಚಿಕೊಂಡಾಗ ಆವಿಯು ಮೇಲೆ ಬರಲಾರದೆ ಪಕ್ಕಕ್ಕೆ ಸರಿದು, ವಿದ್ಯುತ್ ತಂತಿಯ ನಾಳದ ಗುಂಟ ಕಚೇರಿಯ ಕೋಣೆಯನ್ನೋ ಪಕ್ಕದ ಅಂಗಡಿಯ ನೆಲಮಾಳಿಗೆಯನ್ನೋ ಸೇರಬಹುದು. ಮಣ್ಣಿನ ಮೂಲಕ ಸಾಗುವಾಗ ಅನಿಲಕ್ಕೆ ಬೆರೆಸಿದ ವಾಸನೆಯ ದ್ರವ್ಯವನ್ನು ಮಣ್ಣು ಹೀರಿಕೊಂಡು, ಮೂಗಿಗೆ ಏನೂ ತಿಳಿಯದಂತಾಗುವುದೂ ಉಂಟು. ಆದುದರಿಂದ ಭೂಗತ ತೊಟ್ಟಿ ಅಥವಾ ಕೊಳವೆ ಇದ್ದಲ್ಲಿ ತಂತಿಯ ನಾಳಗಳ ಬಾಯಿಯನ್ನು ಭದ್ರವಾಗಿ ಮುಚ್ಚಿಸುವುದು ಮೊದಲ ಕೆಲಸ. ಗುಂಡಿಗಳನ್ನೂ ತಗ್ಗಿನ ಕೋಣೆಗಳನ್ನೂ ಮುಂಗಾರಿನ ಮೊದಲು ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ ಕೈಸಾಧನದಿಂದ ಅಳೆಸುವುದು ಎರಡನೆಯದು.

ಎರಡನೆಯ ವಿಶೇಷ ಗಾಳಿ. ಗಜೇಂದ್ರಗಡದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಕಂಡವರಿಗೆ ಅಲ್ಲಿಯ ಗಾಳಿಯ ಬಲವನ್ನು ವಿವರಿಸಬೇಕಾಗಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಪಡುವಣ ದಿಕ್ಕಿನಿಂದ ಬೀಸುವ ಗಾಳಿ ಸೋರಿದ ಅನಿಲವನ್ನು ಮೂಡಣಕ್ಕೆ ಒಯ್ಯುತ್ತದೆ. ಸೋರುವ ಜಾಗದ ಪಡುವಣಕ್ಕೆ ಒಂದೇ ಸಾಧನವಿಟ್ಟರೆ ಅದು ಆ ನಾಲ್ಕು ತಿಂಗಳೂ ಮೌನವಾಗಿರುತ್ತದೆ. ಚಳಿಗಾಲದ ಇರುಳು, ನಸುಕುಗಳಲ್ಲಿ ಗಾಳಿ ಸ್ತಬ್ಧವಾಗಿರುವಾಗ ಭಾರವಾದ ಆವಿ ಕದಲದೆ ತಗ್ಗಿನಲ್ಲಿ ನಿಲ್ಲುತ್ತದೆ. ಅಪಾಯ ಹೆಚ್ಚಿರುವುದು ಆ ಹೊತ್ತಿನಲ್ಲಿ. ಹೊರಾಂಗಣದಲ್ಲಿ ಸಾಧನಗಳನ್ನು ಕನಿಷ್ಠ ಎರಡು ಬದಿಗೆ ಹಂಚಿ, ನಿವೇಶನದ ಇಳಿಜಾರಿನ ಕೊನೆಯಲ್ಲಿ ಒಂದನ್ನು ಇಡುವುದು ವಿವೇಕ.

ಮೂರನೆಯದು ಧೂಳು ಮತ್ತು ಬಿಸಿಲು. ಹತ್ತಿ ಅರೆಯುವ, ಕಾಳು ಹಸನು ಮಾಡುವ ಕಡೆಗಳಲ್ಲಿ ನವಿರಾದ ಎಳೆಯೂ ಹೊಟ್ಟೂ ಸಂವೇದಕದ ಜಾಳಿಗೆಯ ಮೇಲೆ ಪದರಗಟ್ಟಿ ಅನಿಲ ಒಳಹೋಗದಂತೆ ತಡೆಯುತ್ತವೆ. ಜಾಳಿಗೆಯನ್ನು ವಾರಕ್ಕೊಮ್ಮೆ ನೋಡದಿದ್ದರೆ ಉತ್ತಮ ಸಂವೇದಕವೂ ಕುರುಡೇ. ಬಿರುಬಿಸಿಲಿನಲ್ಲಿ ನೇರವಾಗಿ ಕಾಯುವ ಕವಚದ ಒಳ ಉಷ್ಣತೆ ಹೊರಗಿನದಕ್ಕಿಂತ ಬಹಳ ಮೇಲೇರುತ್ತದೆ. ಆದಕಾರಣ ತಯಾರಕರು ಹೇಳಿದ ಉಷ್ಣತಾ ಮಿತಿಯನ್ನು ಓದಿ ನೆರಳಿನ ತಗಡು ಹಾಕಿಸಬೇಕು. ವಿದ್ಯುತ್ ಕಡಿತವಾದಾಗಲೂ ಸಾಧನ ನಡೆಯುವಂತೆ ಬ್ಯಾಟರಿಯ ಆಸರೆ ಇರಬೇಕೆಂಬುದನ್ನು ಹಳ್ಳಿಗಾಡಿನ ಉದ್ಯಮಿಗಳಿಗೆ ಬೇರೆ ಹೇಳಬೇಕಾಗಿಲ್ಲ.

ನಾಲ್ಕನೆಯ ಪ್ರಶ್ನೆ: ಗಂಟೆ ಬಾರಿಸಿದರೆ ಯಾರು ಏನು ಮಾಡಬೇಕು?

ಸಾಧನಗಳು ಸಾಮಾನ್ಯವಾಗಿ ಎರಡು ಹಂತದಲ್ಲಿ ಎಚ್ಚರಿಸುತ್ತವೆ. ಕೆಳಮಿತಿಯ ಶೇ. 20ಕ್ಕೆ ಮೊದಲ ಗಂಟೆ, ಶೇ. 40ರ ಸುಮಾರಿಗೆ ಎರಡನೆಯದು ಎಂದು ಹೊಂದಿಸುವುದು ರೂಢಿ. ಮೊದಲ ಗಂಟೆಗೆ ಯಾರು ಹೋಗಿ ನೋಡಬೇಕು, ಯಾವ ಕವಾಟ ಮುಚ್ಚಬೇಕು, ಎರಡನೆಯದಕ್ಕೆ ಯಾರು ಜನರನ್ನು ಹೊರಗೆ ಕಳಿಸಬೇಕು, ಅಗ್ನಿಶಾಮಕ ದಳಕ್ಕೂ ಅನಿಲ ಕಂಪನಿಗೂ ಯಾರು ಫೋನ್ ಮಾಡಬೇಕು, ಇವೆಲ್ಲ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಯ ಮೇಲಿರಬೇಕು. ಅನಿಲ ತುಂಬಿದ ಕೋಣೆಯಲ್ಲಿ ದೀಪದ ಗುಂಡಿ ಒತ್ತಬಾರದು, ಮೊಬೈಲ್ ಬಳಸಬಾರದು ಎಂಬುದು ರಾತ್ರಿ ಪಾಳಿಯ ಕಾವಲುಗಾರನಿಗೂ ತಿಳಿದಿರಬೇಕು. ಎರಡನೆಯ ಗಂಟೆಯೊಡನೆ ಅನಿಲದ ಮುಖ್ಯ ಕವಾಟ ತಾನಾಗಿಯೇ ಮುಚ್ಚುವ ವ್ಯವಸ್ಥೆ ಇದ್ದರೆ ಇನ್ನೂ ಒಳ್ಳೆಯದು. ಜಯಪುರದಲ್ಲಿ ಕವಾಟದ ಹತ್ತಿರ ಮನುಷ್ಯ ಹೋಗಲಾರದ ಸ್ಥಿತಿ ಒದಗಿತ್ತೆಂಬುದನ್ನು ಮರೆಯುವಂತಿಲ್ಲ.

ಸುಳ್ಳು ಎಚ್ಚರಿಕೆಯ ಕಿರಿಕಿರಿಯೂ ನಿಜವಾದ ಸಮಸ್ಯೆಯೇ. ಎರಡು ಮೂರು ಸಲ ಕಾರಣವಿಲ್ಲದೆ ಗಂಟೆ ಬಾರಿಸಿದರೆ ನಾಲ್ಕನೆಯ ಸಲ ಯಾರಾದರೂ ತಂತಿ ಕಿತ್ತಿಡುತ್ತಾರೆ. ತೋಳ ಬಂತು ತೋಳ ಎಂದ ಹುಡುಗನ ಕಥೆ ಎಲ್ಲರಿಗೂ ಗೊತ್ತಿದೆ. ಆಳುಗಳನ್ನು ಗದರಿಸುವುದರಿಂದ ಇದು ಬಗೆಹರಿಯುವುದಿಲ್ಲ. ಸರಿಯಾದ ಸಂವೇದಕ, ಸರಿಯಾದ ಸ್ಥಳ, ಕಾಲಕಾಲದ ಪರೀಕ್ಷೆಗಳೇ ಇದಕ್ಕೆ ಮದ್ದು. ಪರೀಕ್ಷೆ ಎಂದರೆ ಸಿಗರೇಟು ಹೊತ್ತಿಸುವ ಲೈಟರಿನ ಅನಿಲವನ್ನು ಮುಖಕ್ಕೆ ಹಿಡಿಯುವುದಲ್ಲ. ಅದರಿಂದ ಗಂಟೆ ಬಾರಿಸಬಹುದು, ಆದರೆ ಅಳತೆ ಸರಿಯಿದೆಯೇ ಎಂಬುದು ತಿಳಿಯದು, ದಟ್ಟ ಅನಿಲದಿಂದ ಮಣಿಗೆ ಹಾನಿಯೂ ಆಗುತ್ತದೆ. ನಿರ್ದಿಷ್ಟ ಪ್ರಮಾಣದ ಅನಿಲ ತುಂಬಿದ ಸಣ್ಣ ಸಿಲಿಂಡರಿನಿಂದ, ತಕ್ಕ ಕೊಳವೆ ಜೋಡಿಸಿ, ಅಂಕಿಯನ್ನು ಹೋಲಿಸಿ ಸರಿಪಡಿಸುವುದೇ ಕ್ಯಾಲಿಬ್ರೇಶನ್. ಮೀಥೇನಿನಿಂದ ಸರಿಪಡಿಸಿದ ಮಣಿಯ ಸಾಧನವು ಪೆಟ್ರೋಲಿನ ಆವಿಯನ್ನು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಹೀಗಾಗಿ ಯಾವ ಅನಿಲದಿಂದ ಸರಿಪಡಿಸಲಾಯಿತು ಎಂಬುದು ಪ್ರಮಾಣಪತ್ರದಲ್ಲಿ ನಮೂದಾಗಿರಲೇಬೇಕು.

ಕೀರ್ದಿ ಪುಸ್ತಕದಲ್ಲಿ ಇದರ ಸ್ಥಾನ

ಸಾಧನದ ಬೆಲೆ ಬಂಡವಾಳ ವೆಚ್ಚ. ಪರೀಕ್ಷಾ ಅನಿಲ, ತಂತ್ರಜ್ಞರ ಭೇಟಿ, ಜಾಳಿಗೆ, ಬ್ಯಾಟರಿ ಇವೆಲ್ಲ ವರ್ಷದ ನಿರ್ವಹಣಾ ವೆಚ್ಚ. ಎರಡು ಮೂರು ವರ್ಷಕ್ಕೊಮ್ಮೆಯೋ ನಾಲ್ಕೈದು ವರ್ಷಕ್ಕೊಮ್ಮೆಯೋ ಬರುವ ಸಂವೇದಕದ ಬದಲಾವಣೆ ಮೂರನೆಯ ಖರ್ಚು. ದರಪಟ್ಟಿಗಳನ್ನು ಹೋಲಿಸುವಾಗ ಮೊದಲನೆಯದನ್ನು ಮಾತ್ರ ನೋಡಿದರೆ ಅಗ್ಗದ್ದೇ ದುಬಾರಿಯಾಗುವ ಸಂಭವ ಹೆಚ್ಚು. ಐದು ವರ್ಷದ ಒಟ್ಟು ಖರ್ಚನ್ನು, ಬದಲಿ ಸಂವೇದಕದ ಬೆಲೆಯನ್ನು, ತಂತ್ರಜ್ಞರು ಹುಬ್ಬಳ್ಳಿಯಿಂದ ಬರುತ್ತಾರೋ ಬೆಂಗಳೂರಿನಿಂದಲೋ ಎಂಬುದನ್ನು ದರಪಟ್ಟಿಯಲ್ಲೇ ಬರೆಸಿಕೊಳ್ಳಬೇಕು.

ಮುಂದಿನ ವರ್ಷಗಳ ನಿರ್ವಹಣಾ ಖರ್ಚಿಗೆ ಈ ವರ್ಷವೇ ಲಾಭ-ಹಾನಿ ಪತ್ರಕದಲ್ಲಿ ಪ್ರಾವಿಜನ್ ತೋರಿಸಲು ಲೆಕ್ಕಪತ್ರ ಮಾನಕ 29 ಅವಕಾಶ ಕೊಡುವುದಿಲ್ಲ. ಆದರೆ ನಗದಿನ ಮುಂಗಡಪತ್ರದಲ್ಲಿ ಈ ಬಾಬ್ತಿಗೆ ಹಣ ತೆಗೆದಿಡುವುದಕ್ಕೆ ಯಾವ ಮಾನಕವೂ ಅಡ್ಡಿಯಲ್ಲ. ತೆರಿಗೆಯ ಒಂದು ಅಂಶವೂ ಗಮನಾರ್ಹ. ಪೆಟ್ರೋಲ್, ಡೀಸೆಲ್‌ಗಳು ಜಿ.ಎಸ್.ಟಿ. ವ್ಯಾಪ್ತಿಯ ಹೊರಗಿರುವುದರಿಂದ ಅವನ್ನಷ್ಟೇ ಮಾರುವ ಬಂಕಿನ ಮಾಲೀಕರಿಗೆ ಸಾಧನದ ಮೇಲೆ ಕೊಟ್ಟ ಜಿ.ಎಸ್.ಟಿ. ಜಮೆಯಾಗಿ ಮರಳದೆ ಖರ್ಚಿಗೇ ಸೇರುತ್ತದೆ. ಅಡುಗೆ ಅನಿಲದ ವಿತರಕರ ಸ್ಥಿತಿ ಹಾಗಲ್ಲ. ಬೆಲೆ ಹೋಲಿಸುವಾಗ ಈ ವ್ಯತ್ಯಾಸ ಲೆಕ್ಕಕ್ಕೆ ಬರಬೇಕು. ಇನ್ನು ಕಂಪನಿಯ ಉಪಕರಣ ಯಾವುದು, ಡೀಲರನದು ಯಾವುದು, ನಿರ್ವಹಣೆ ಯಾರ ಹೊಣೆ ಎಂಬುದನ್ನು ಒಪ್ಪಂದದ ಪತ್ರದಲ್ಲಿ ಓದಿ ತಿಳಿದುಕೊಳ್ಳುವುದು ಅನಾಹುತಕ್ಕೆ ಮೊದಲೇ ಆಗಬೇಕಾದ ಕೆಲಸ.

ವಿಮೆಯ ಪತ್ರದಲ್ಲಿ ರಕ್ಷಣಾ ಸಾಧನಗಳನ್ನು ಸುಸ್ಥಿತಿಯಲ್ಲಿಡುವ ಷರತ್ತಿದ್ದರೆ, ಸತ್ತ ಸಂವೇದಕವು ಪರಿಹಾರದ ಹಕ್ಕಿಗೇ ಕುತ್ತು ತರಬಹುದು. ಅಪಾಯಕಾರಿ ವಸ್ತುಗಳನ್ನು ನಿಗದಿತ ಪ್ರಮಾಣಕ್ಕಿಂತ ಹೆಚ್ಚಾಗಿ ನಿರ್ವಹಿಸುವವರ ಮೇಲೆ 1991ರ ಸಾರ್ವಜನಿಕ ಹೊಣೆ ವಿಮಾ ಕಾಯ್ದೆಯು, ತಪ್ಪು ಯಾರದೆಂಬುದನ್ನು ಕೇಳದೆಯೇ ಹೊರಗಿನವರಿಗಾದ ಹಾನಿಯ ಪರಿಹಾರದ ಹೊಣೆಯನ್ನು ಹೊರಿಸಿದೆ. ಕ್ಯಾಲಿಬ್ರೇಶನ್ ದಾಖಲೆಯ ಒಂದು ಸಣ್ಣ ವಹಿ ಇಂಥ ಸಮಯದಲ್ಲಿ ಮಾಲೀಕನ ಪರವಾಗಿ ಸಾಕ್ಷಿ ಹೇಳಬಲ್ಲದು. ಆ ವಹಿ ಬರಿದಾಗಿದ್ದರೆ ಅದೂ ಸಾಕ್ಷಿಯೇ, ಆದರೆ ಎದುರು ಪಕ್ಷದ್ದು.

ಒಟ್ಟಾಗಿ ಮಾಡಬಹುದಾದುದು

ಸಣ್ಣ ವರ್ತಕರ ಆಕ್ಷೇಪಣೆ ಒಂದಿದೆ, ಅದು ನ್ಯಾಯವಾದುದೇ. ಎರಡು ಸಾಧನಗಳಿಗಾಗಿ ತಂತ್ರಜ್ಞರನ್ನು ದೂರದಿಂದ ಕರೆಸಿದರೆ ಭೇಟಿಯ ಖರ್ಚು ಸಾಧನದ ಬೆಲೆಗೆ ಸಮೀಪಿಸುತ್ತದೆ, ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಪರೀಕ್ಷಾ ಅನಿಲದ ಸಿಲಿಂಡರಿಗೂ ಬಳಕೆಯ ಗಡುವಿರುವುದರಿಂದ ಒಬ್ಬನೇ ಕೊಂಡರೆ ಅರ್ಧಕ್ಕರ್ಧ ವ್ಯರ್ಥ. ಒಬ್ಬೊಬ್ಬರಾಗಿ ಹೊರಲಾರದ ಇಂಥ ಖರ್ಚನ್ನು ಹಂಚಿಕೊಳ್ಳುವುದಕ್ಕೆಂದೇ ವಾಣಿಜ್ಯೋದ್ಯಮ ಸಂಸ್ಥೆಗಳು ಹುಟ್ಟಿದ್ದು.

ಮೂರು ಪಟ್ಟಣಗಳ ಬಂಕು ಮಾಲೀಕರು, ಅನಿಲ ವಿತರಕರು, ಖಾನಾವಳಿ ಹಾಗೂ ಮಂಟಪಗಳವರು, ಕಾರ್ಖಾನೆದಾರರು ಸೇರಿ ಒಂದು ಸಾಮಾನ್ಯ ನಿಧಿಯಿಂದ ಪರೀಕ್ಷಾ ಅನಿಲದ ಸಲಕರಣೆಯನ್ನೂ ಎರಡು ಮೂರು ಉತ್ತಮ ಕೈಸಾಧನಗಳನ್ನೂ ಕೊಳ್ಳಬಹುದು. ತಯಾರಕರಿಂದ ತರಬೇತಿ ಪಡೆದ ಒಬ್ಬ ತಂತ್ರಜ್ಞನು ಮೂರು ತಿಂಗಳಿಗೊಮ್ಮೆ ರೋಣದಲ್ಲಿ ಒಂದು ದಿನ, ನರಗುಂದದಲ್ಲಿ ಒಂದು ದಿನ, ಗಜೇಂದ್ರಗಡದಲ್ಲಿ ಒಂದು ದಿನ ಸುತ್ತಿ ಎಲ್ಲ ಸದಸ್ಯರ ಸಾಧನಗಳನ್ನು ಪರೀಕ್ಷಿಸಿ ಸಹಿ ಹಾಕಬಹುದು. ಸಾಧನಗಳ ಸಂಖ್ಯೆಗೆ ಅನುಗುಣವಾಗಿ ಶುಲ್ಕ ವಸೂಲಾದರೆ ಯಾರಿಗೂ ಹೊರೆಯಾಗದು. ಎಲ್ಲರೂ ಒಂದೆರಡು ಮಾದರಿಗಳನ್ನೇ ಕೊಂಡರೆ ಬದಲಿ ಸಂವೇದಕಗಳ ದಾಸ್ತಾನು ಇಡುವುದೂ ಸುಲಭ, ಬೆಲೆಯಲ್ಲಿ ಚೌಕಾಸಿಯೂ ಸಾಧ್ಯ. ಪುರಸಭೆ ಹಾಗೂ ಅಗ್ನಿಶಾಮಕ ಠಾಣೆಗಳನ್ನು ಇದರಲ್ಲಿ ಜೊತೆಗೂಡಿಸಿಕೊಂಡರೆ ವರ್ಷಕ್ಕೊಂದು ಅಣಕು ಕಾರ್ಯಾಚರಣೆಯೂ ನಡೆದೀತು.

ಇದಕ್ಕೆ ಸರಕಾರದ ಆದೇಶಕ್ಕಾಗಿ ಕಾಯಬೇಕಾಗಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಡುವುದು ವ್ಯಾಪಾರಿಗೆ ಶೋಭಿಸುವ ಮಾತಲ್ಲ. ಮೊದಲ ಹೆಜ್ಜೆಗೆ ಬಿಡಿಗಾಸಿನ ಖರ್ಚೂ ಇಲ್ಲ. ಈ ತಿಂಗಳಲ್ಲಿ ಪ್ರತಿಯೊಬ್ಬ ಸದಸ್ಯರೂ ತಮ್ಮ ಸ್ಥಳದಲ್ಲಿರುವ ಪತ್ತೆ ಸಾಧನಗಳ ಪಟ್ಟಿ ಮಾಡಿ, ಅದು ಯಾವ ಅನಿಲದ್ದು, ನೆಲದಿಂದ ಎಷ್ಟು ಎತ್ತರದಲ್ಲಿದೆ, ಕೊನೆಯ ಕ್ಯಾಲಿಬ್ರೇಶನ್ ಯಾವ ದಿನಾಂಕದಂದು ಆಯಿತು ಎಂಬ ಮೂರು ಅಂಕಣಗಳನ್ನು ತುಂಬಲಿ. ಮೂರನೆಯ ಅಂಕಣ ಎಷ್ಟು ಜನರ ಪಟ್ಟಿಯಲ್ಲಿ ಖಾಲಿ ಉಳಿಯುತ್ತದೆ ಎಂಬುದರ ಮೇಲೆ ಮುಂದಿನ ಸಭೆಯ ಚರ್ಚೆ ನಡೆಯಲಿ.